ಪರದೆ ಆರಿಸಿದ್ದು ಯಾರು?

ಪುಣೆಯಿಂದ ನಾಸಿಕ್ ರಸ್ತೆ ಹಿಡಿದು ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾಂವ್ ಬಳಿ ಖೋಡದ್ ಎಂಬ ಊರು. 45 ಮೀಟರ್ ಅಗಲದ 30 ಡಿಶ್‌ಗಳ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಇರುವುದು ಅಲ್ಲೇ. ಡಿಶ್‌ಗಳು ಹಿಡಿದ ಸಂಕೇತಗಳನ್ನು ಕೂಡಿಸಲು 2010ರ ಹೊತ್ತಿಗೆ ಅಲ್ಲಿನವರು ಕಟ್ಟಿಕೊಂಡದ್ದು ಲಿನಕ್ಸ್ ಓಡುವ ಕಂಪ್ಯೂಟರುಗಳ ಒಂದು ಗುಂಪನ್ನು. ಹಗಲಿರುಳೂ ನಡೆಯುವ ಇಂಥ ಕೆಲಸದಲ್ಲಿ, ಕಣ್ಣಿಟ್ಟು ಕೂತ ಪರದೆ ತಾನಾಗಿ ಕಪ್ಪಾದರೆ ಆಗುವುದಿಲ್ಲ. ಪುಣೆಯ ಹಿಂಜವಡಿಯ ಫ್ಲ್ಯಾಟಿನಲ್ಲಿ ಕೂತು ಕೋಡ್ ಬರೆಯುವವರದ್ದು ಉಲ್ಟಾ ದೂರು: ಊಟಕ್ಕೆ ಎದ್ದು ಹೋದರೂ ಮಾನಿಟರ್ ಉರಿಯುತ್ತಲೇ ಇರುತ್ತದೆ.

ಎರಡಕ್ಕೂ ಮೂಲ ಒಂದೇ. ಲಿನಕ್ಸಿನಲ್ಲಿ ಪರದೆ ಆರಿಸುವ ಅಧಿಕಾರ ಒಬ್ಬರ ಕೈಲಿಲ್ಲ.

ಮಾನಿಟರಿಗೆ ‘ಮಲಗು’ ಎಂದು ಹೇಳುವ ಡಿಪಿಎಂಎಸ್ ಪದ್ಧತಿಯನ್ನು ವೀಸಾ ಸಂಸ್ಥೆ 1993ರಲ್ಲೇ ರೂಪಿಸಿತು (ಪಾಸ್‌ಪೋರ್ಟಿನ ವೀಸಾ ಅಲ್ಲ, ವಿಡಿಯೊ ಮಾನದಂಡಗಳ ಸಂಸ್ಥೆ). ಸ್ಕ್ರೀನ್‌ಸೇವರ್ ಅದಕ್ಕಿಂತ ಹಳೆಯದು. ಅದು ಚಿತ್ರವನ್ನಷ್ಟೇ ಕಪ್ಪು ಮಾಡುತ್ತದೆ. ವ್ಯತ್ಯಾಸ ಕಾಣಬೇಕೆಂದರೆ ಕೋಣೆಯ ದೀಪ ಆರಿಸಿ ನೋಡಬೇಕು. ಕಪ್ಪು ಪರದೆ ಮಬ್ಬಾಗಿ ಬೂದು ಬಣ್ಣಕ್ಕೆ ಹೊಳೆಯುತ್ತಿದ್ದರೆ ಹಿಂಬದಿಯ ಬೆಳಕು ಇನ್ನೂ ಉರಿಯುತ್ತಿದೆ, ಕರೆಂಟೂ ಹೋಗುತ್ತಿದೆ ಎಂದರ್ಥ.

ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ‘ಎಕ್ಸ್‌ಸೆಟ್ ಕ್ಯೂ’ ಎಂಬ ಆದೇಶ ಕೊಟ್ಟರೆ ಗುಟ್ಟೆಲ್ಲ ಹೊರಬೀಳುತ್ತದೆ; ಅಲ್ಲಿ ಸಾಮಾನ್ಯವಾಗಿ ಕಾಣುವ 600 ಸೆಕೆಂಡ್ ಎಂದರೆ ಹತ್ತು ನಿಮಿಷ. ‘ಎಕ್ಸ್‌ಸೆಟ್ ಡಿಪಿಎಂಎಸ್ ಫೋರ್ಸ್ ಆಫ್’ ಎಂದಾಗ ಪರದೆ ಮಲಗಿದರೆ ಕೇಬಲ್ಲೂ ಮಾನಿಟರೂ ಸರಿಯಿವೆ, ತಕರಾರು ಎಷ್ಟು ಹೊತ್ತಿಗೆ ಮಲಗಬೇಕೆಂದು ಎಣಿಸುವ ಗಡಿಯಾರದ್ದು. ಆದೇಶಕ್ಕೆ ಮೊದಲು ‘ಸ್ಲೀಪ್ 1’ ಸೇರಿಸುವುದು ಒಳ್ಳೆಯದು, ಇಲ್ಲವಾದರೆ ಎಂಟರ್ ಕೀಯಿಂದ ಬೆರಳೆತ್ತಿದ್ದಕ್ಕೇ ಪರದೆ ಮತ್ತೆ ಎದ್ದು ಕೂರಬಹುದು. ಸುಮ್ಮಸುಮ್ಮನೆ ಎಚ್ಚರಗೊಳ್ಳುವ ಪರದೆಗೆ ಮೌಸೂ ಕಾರಣವಿರಬಹುದು: ಗಾಜಿನ ಮೇಜಿನ ಮೇಲೆ ಆಪ್ಟಿಕಲ್ ಮೌಸ್ ಮುಟ್ಟದಿದ್ದರೂ ಅಲುಗಿದಂತೆ ವರದಿ ಕಳಿಸಬಹುದು. ಮಗುಚಿಟ್ಟರೆ ಗೊತ್ತಾಗುತ್ತದೆ.

2021ರಲ್ಲಿ ಲಿನಕ್ಸಿನ ಉಬುಂಟು ಆವೃತ್ತಿ ಕೂಡ ಎಕ್ಸ್ ಬಿಟ್ಟು ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆಗೆ ಹೊರಳಿದ ಮೇಲೆ ಎಕ್ಸ್‌ಸೆಟ್ ಆದೇಶ ಅಲ್ಲಿ ಕೆಲಸಕ್ಕೆ ಬಾರದು. ಹಳೆಯ ಮದ್ದನ್ನೇ ಹತ್ತು ಸಲ ಹಚ್ಚುವವರಿಗೆ ಇದು ತಿಳಿದಿರುವುದಿಲ್ಲ. ಅಲ್ಲಿ ಗ್ನೋಮ್ ಅಥವಾ ಕೆಡಿಇ ಡೆಸ್ಕ್‌ಟಾಪಿನ ಪವರ್ ಸೆಟ್ಟಿಂಗ್ಸೇ ಯಜಮಾನ. ಗ್ನೋಮ್‌ನ ಮೂಲ ಅವಧಿ ಐದು ನಿಮಿಷ. ಕಿಟಕಿಗಳಿಲ್ಲದ ಅಕ್ಷರ ಪರದೆಯ ಲೆಕ್ಕವೇ ಬೇರೆ: 2017ರ 4.12 ಲಿನಕ್ಸ್ ಕರ್ನಲ್ ಬರುವವರೆಗೆ ಅದೂ ಹತ್ತು ನಿಮಿಷಕ್ಕೆ ಆರುತ್ತಿತ್ತು, ಆಮೇಲೆ ಕೇಳದೆ ಆರುವುದನ್ನು ಬಿಟ್ಟಿತು. ಇಷ್ಟರ ನಡುವೆ ವಿಡಿಯೊ ತೋರಿಸುವ ಬ್ರೌಸರ್ ‘ಈಗ ಮಲಗಿಸಬೇಡ’ ಎಂದು ತಡೆಯಾಜ್ಞೆ ತಂದಿರುತ್ತದೆ. ಅಂಥ ತಡೆಗಳಲ್ಲಿ ಹಲವು ‘ಸಿಸ್ಟಮ್‌ಡಿ-ಇನ್‌ಹಿಬಿಟ್’ ಪಟ್ಟಿಯಲ್ಲಿ ಸಿಗುತ್ತವೆ.

ಸಿಟ್ಟಿನಲ್ಲಿ ವಿದ್ಯುತ್ ಉಳಿತಾಯವನ್ನೇ ಬಂದ್ ಮಾಡುವುದು ದಡ್ಡತನ. 24 ಇಂಚಿನ ಮಾನಿಟರ್ ಉರಿಯುವಾಗ ಸುಮಾರು 20 ವ್ಯಾಟ್ ಎಳೆದರೆ, ಮಲಗಿದಾಗ ಅರ್ಧ ವ್ಯಾಟಿನ ಆಸುಪಾಸು. ಇನ್ನು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದವರ ಕಿಟಕಿಗಳೆಲ್ಲ ಎಚ್ಚರವಾದಾಗ ಪಕ್ಕದ ಪರದೆಗೆ ಗುಳೆ ಹೋಗಿದ್ದರೆ ಲಿನಕ್ಸನ್ನು ಬೈಯುವ ಮೊದಲು ಮಾನಿಟರಿನದೇ ಮೆನು ತೆರೆಯಬೇಕು. ಕೆಲವು ಮಾದರಿಗಳಲ್ಲಿ ‘ಡೀಪ್ ಸ್ಲೀಪ್’ ಎಂಬುದನ್ನು ಆಫ್ ಮಾಡಿದರೆ ಸಾಕು.