ಬ್ಯಾಂಕ್ ಶಾಟ್: ಕನ್ನಡಿಯ ಲೆಕ್ಕ ತಪ್ಪುವುದೆಲ್ಲಿ?

ಪೂಲ್ ಕಲಿಯಲು ಬಂದವರಿಗೆ ಬ್ಯಾಂಕ್ ಶಾಟ್ (ಬಣ್ಣದ ಚೆಂಡನ್ನು ಮೇಜಿನ ರಬ್ಬರ್ ಅಂಚಿಗೆ, ಅಂದರೆ ಕುಷನ್ನಿಗೆ, ಬಡಿಸಿ ಪಾಕೆಟ್ಟಿಗೆ ಹಾಕುವ ಹೊಡೆತ) ಹೇಳಿಕೊಡುವಾಗ ಮೊದಲು ಬರುವುದು ಕನ್ನಡಿಯ ನಿಯಮ. ಚೆಂಡು ಕುಷನ್ನಿಗೆ ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಹಿಂದಿರುಗುತ್ತದೆ, ಆದ್ದರಿಂದ ಅಂಚಿನ ಗುರುತುಗಳನ್ನು ಎಣಿಸಿ ಹೊಡೆದರೆ ಸಾಕು ಎನ್ನುತ್ತಾರೆ. ಕೇರಂ ಆಡಿ ಬೆಳೆದ ನಮ್ಮವರಿಗೆ ಈ ಲೆಕ್ಕ ಕೈಗೆ ಅಂಟಿದ್ದೇ. ಆದರೆ ಕೇರಂ ಕಾಯಿ ಹಲಗೆಯ ಮೇಲೆ ಜಾರುತ್ತದೆ, ಪೂಲ್ ಚೆಂಡು ಬಟ್ಟೆಯ ಮೇಲೆ ಉರುಳುತ್ತದೆ. ಸ್ಪಿನ್ ಎಂಬುದು ನುರಿತವರು ಕೊನೆಗೆ ಸೇರಿಸಿಕೊಳ್ಳುವ ಕಸರತ್ತು, ಹೊಸಬರು ಅದರ ಗೊಡವೆಗೆ ಹೋಗಬಾರದು ಎಂಬ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಬ್ಯಾಂಕ್ ಶಾಟ್‌ನಲ್ಲಿ ಬೇಡವೆಂದರೂ ಸ್ಪಿನ್ ಇದ್ದೇ ಇರುತ್ತದೆ. ಅದನ್ನು ನಾವು ಆಳುತ್ತೇವೋ ಅದರ ಪಾಡಿಗೆ ಬಿಡುತ್ತೇವೋ ಎಂಬುದಷ್ಟೇ ಪ್ರಶ್ನೆ.

ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್. ಕುಷನ್ನಿನ ಮೂಗು ಚೆಂಡಿನ ನಡುಮಟ್ಟಕ್ಕಿಂತ ಮೇಲೆ, ಸುಮಾರು 36 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಮೆಲ್ಲಗೆ ಹೊಡೆದ ಚೆಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಪೂರ್ತಿ ಉರುಳತೊಡಗಿರುತ್ತದೆ. ಬಡಿದು ಹಿಂದೆ ಸರಿದರೂ ಆ ಮುಂದಿನ ಉರುಳು ಒಮ್ಮೆಲೇ ಸಾಯುವುದಿಲ್ಲ. ಅದು ಚೆಂಡನ್ನು ಮತ್ತೆ ಕುಷನ್ನಿನತ್ತಲೇ ಎಳೆಯುತ್ತದೆ. ಹೀಗಾಗಿ ದಾರಿ ಬಾಗಿ, ಕೋನ ಅಗಲವಾಗುತ್ತದೆ. ಅದೇ ಚೆಂಡನ್ನು ಜೋರಾಗಿ ಹೊಡೆದರೆ ಉರುಳು ಹಿಡಿಯುವ ಮೊದಲೇ ಜಾರುತ್ತಾ ಬಂದು ರಬ್ಬರನ್ನು ಒತ್ತುತ್ತದೆ, ಕನ್ನಡಿ ಹೇಳಿದ್ದಕ್ಕಿಂತ ಕಿರಿದಾದ ಕೋನದಲ್ಲಿ ಹೊರಬೀಳುತ್ತದೆ. ಗುರಿ ಒಂದೇ, ಹೊಡೆತದ ಬಲ ಬೇರೆ, ಹೋಗಿ ಸೇರುವ ಜಾಗವೂ ಬೇರೆ.

ಇನ್ನು ಅಡ್ಡ ಸ್ಪಿನ್, ಅಂದರೆ ಸೈಡ್. ಬಿಳಿ ಚೆಂಡಿನ ಬಲಭಾಗಕ್ಕೆ ಕ್ಯೂ ಕೋಲನ್ನು ತಾಗಿಸಿದರೆ ಮೇಲಿನಿಂದ ನೋಡುವವರಿಗೆ ಅದು ಅಪ್ರದಕ್ಷಿಣವಾಗಿ ತಿರುಗುತ್ತದೆ. ಬಣ್ಣದ ಚೆಂಡಿಗೆ ತಾಗಿದ ಕ್ಷಣ, ಎರಡರ ಘರ್ಷಣೆಯಿಂದ, ಬಣ್ಣದ್ದಕ್ಕೆ ವಿರುದ್ಧ ತಿರುಗು ಸಿಗುತ್ತದೆ. ಜೊತೆಗೆ ಅದು ತುಸು ಎಡಕ್ಕೂ ತಳ್ಳಲ್ಪಡುತ್ತದೆ. ಈಗ ಎಡಕ್ಕೆ ಓರೆಯಾಗಿ ಎದುರಿನ ಕುಷನ್ನಿಗೆ ಹೋಗುತ್ತಿರುವ ಬಣ್ಣದ ಚೆಂಡು ಈ ತಿರುಗಿನಿಂದ ಇನ್ನಷ್ಟು ಎಡಕ್ಕೆ ಹರಡಿಕೊಂಡು ಮರಳುತ್ತದೆ. ಬಿಳಿ ಚೆಂಡಿಗೆ ಎಡ ಸೈಡ್ ಕೊಟ್ಟಿದ್ದರೆ ಕೋನ ಮುದುಡುತ್ತದೆ. ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಇದರಾಚೆಗಿದೆ. ಯಾವ ಸೈಡೂ ಕೊಡದೆ ಬಣ್ಣದ ಚೆಂಡನ್ನು ಎಡಕ್ಕೆ ಕಟ್ ಮಾಡಿದರೂ, ಅಂದರೆ ಓರೆಯಾಗಿ ತಾಗಿಸಿ ಎಡಕ್ಕೆ ಕಳಿಸಿದರೂ, ಬಿಳಿ ಚೆಂಡು ಅದರ ಬಲಮೈಯನ್ನು ಉಜ್ಜಿಕೊಂಡು ಹೋಗುವುದರಿಂದ ಬಣ್ಣದ್ದಕ್ಕೆ ಬಲ ಸ್ಪಿನ್ ಅಂಟಿಕೊಳ್ಳುತ್ತದೆ. ಅದನ್ನು ಅಳಿಸಬೇಕಾದರೆ ಬಿಳಿ ಚೆಂಡಿಗೆ ತುಸು ಬಲ ಸೈಡ್ ಕೊಡಬೇಕು. ಅಂದರೆ ಸ್ಪಿನ್ ಇಲ್ಲದ ಬ್ಯಾಂಕ್ ಬೇಕೆಂದರೂ ಸ್ಪಿನ್ನಿನಿಂದಲೇ ಅದನ್ನು ಪಡೆಯಬೇಕು. ಭೂಮಿಯ ತಿರುಗುವಿಕೆಯ ಪರಿಣಾಮಕ್ಕೆ ಹೆಸರಾದ ಫ್ರೆಂಚ್ ವಿಜ್ಞಾನಿ ಕೊರಿಯೊಲಿಸ್ 1835ರಲ್ಲೇ ಬಿಲಿಯರ್ಡ್ಸ್ ಆಟದ ಗಣಿತದ ಮೇಲೆ ಒಂದು ಇಡೀ ಪುಸ್ತಕ ಬರೆದದ್ದು ಸುಮ್ಮನೆ ಅಲ್ಲ.

ನಯವಾದ ಎರಡು ಚೆಂಡುಗಳ ನಡುವೆ ದಾಟುವ ಸ್ಪಿನ್ ಅತ್ಯಲ್ಪ, ಅದಕ್ಕಾಗಿ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. ಅಲ್ಪವೆಂಬುದು ನಿಜ. ಆದರೆ ಒಂಬತ್ತು ಅಡಿ ಮೇಜಿನ ಅಗಲ 127 ಸೆಂಟಿಮೀಟರ್. ಹಿಂದಿರುಗುವ ಕೋನ 2 ಡಿಗ್ರಿ ತಪ್ಪಿದರೆ ಚೆಂಡು ಈಚೆ ದಡಕ್ಕೆ ಬರುವಷ್ಟರಲ್ಲಿ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಸರಿದಿರುತ್ತದೆ. ನಡುವಿನ ಪಾಕೆಟ್ಟಿನ ಬಾಯಿ ಸುಮಾರು 13 ಸೆಂಟಿಮೀಟರ್. ಚೆಂಡಿನ ಗಾತ್ರ ಕಳೆದರೆ ಎರಡು ಕಡೆಗೂ ಉಳಿಯುವುದು ತಲಾ ಮೂರೂವರೆ ಸೆಂಟಿಮೀಟರ್ ಚಿಲ್ಲರೆ. ಆ ಅಲ್ಪವೇ ಚೆಂಡನ್ನು ಬೀಳಿಸುತ್ತದೆ ಇಲ್ಲವೇ ಹೊರಗಿಡುತ್ತದೆ.

ತರಬೇತುದಾರರ ಆಕ್ಷೇಪ ಇದಕ್ಕಿಂತ ತೂಕದ್ದು. ಸೈಡ್ ಕೊಟ್ಟರೆ ಬಿಳಿ ಚೆಂಡು ಕ್ಯೂ ತೋರಿದ ದಾರಿ ಬಿಟ್ಟು ಎದುರು ಬದಿಗೆ ಸರಿಯುತ್ತದೆ, ಕ್ಯೂವಿನ ಹಿಂಬದಿ ಎತ್ತಿದ್ದರೆ ಮುಂದೆ ಬಾಗುತ್ತದೆ ಕೂಡ. ಒಂದು ತಪ್ಪು ತಿದ್ದಲು ಹೋಗಿ ಎರಡು ತಪ್ಪು ತಂದುಕೊಳ್ಳುತ್ತೀರಿ ಎನ್ನುತ್ತಾರೆ ಅವರು. ಹಾಗಾಗಿ ಸೈಡನ್ನು ಕಡಿಮೆ ಪ್ರಮಾಣದಲ್ಲೇ ಕಲಿಯಬೇಕೆಂಬುದು ನನ್ನ ಅಭಿಪ್ರಾಯವೂ ಹೌದು. ಕ್ಯೂ ಜಾರದೆ ಹೊಡೆಯಬಹುದಾದ ಮಿತಿಯೇ ಚೆಂಡಿನ ನಡುವಿನಿಂದ 14 ಮಿಲಿಮೀಟರ್‌ನಷ್ಟು. ಅದರ ಅರ್ಧದೊಳಗೆ ಇದ್ದುಕೊಂಡು, ಹೊಡೆತದ ಬಲ ಬದಲಿಸದೆ, ಒಂದೇ ಶಾಟನ್ನು ಎಡ ಸೈಡ್, ಬಲ ಸೈಡ್, ಸೈಡ್ ಇಲ್ಲದೆ ಎಂದು ಮೂರು ಬಗೆಯಲ್ಲಿ ಹೊಡೆದು ನೋಡಿದರೆ ಆ ಮೇಜಿನ ಕುಷನ್ ಎಷ್ಟು ಹಿಡಿಯುತ್ತದೆ ಎಂಬುದು ತಿಳಿಯುತ್ತದೆ.

ಹೊಡೆತದ ಬಲವೊಂದರಿಂದಲೇ ಕೋನ ತಿದ್ದಬಹುದಲ್ಲ ಎನ್ನುವವರೂ ಇದ್ದಾರೆ. ಅಮೆರಿಕದ ಡರ್ಬಿ ಸಿಟಿ ಕ್ಲಾಸಿಕ್‌ನಲ್ಲಿ ಪ್ರತಿ ಚೆಂಡನ್ನೂ ಕುಷನ್ನಿಗೆ ಬಡಿಸಿಯೇ ಹಾಕಬೇಕಾದ ಬ್ಯಾಂಕ್ ಪೂಲ್‌ಗೆ ಪ್ರತ್ಯೇಕ ವಿಭಾಗವಿದೆ. ಈ ಆಟದ ನಿಪುಣರು ಗಟ್ಟಿಯಾಗಿ ಹೊಡೆದು ಉರುಳನ್ನು ತಪ್ಪಿಸುವುದೂ ಉಂಟು. ಆದರೆ ಬಣ್ಣದ ಚೆಂಡು ಮರಳುವ ದಾರಿಯಲ್ಲಿ ಬಿಳಿ ಚೆಂಡೇ ಅಡ್ಡ ನಿಂತಿರುವ ಸಂದರ್ಭ ಬ್ಯಾಂಕ್‌ನಲ್ಲಿ ಪದೇ ಪದೇ ಬರುತ್ತದೆ. ಎಷ್ಟೇ ಜೋರಾಗಿ ಹೊಡೆದರೂ ಎರಡೂ ಮತ್ತೆ ಡಿಕ್ಕಿಯಾಗುತ್ತವೆ. ಆಗ ಬಣ್ಣದ ಚೆಂಡನ್ನು ಬೇಕೆಂದೇ ಬೇರೆ ಕೋನದಲ್ಲಿ ಕಳಿಸಿ, ಬಿಳಿಯನ್ನು ದಾರಿಯಿಂದ ಸರಿಸಿ, ಉಳಿದ ಕೋನವನ್ನು ಸೈಡಿನಿಂದ ತಿದ್ದಿ ಪಾಕೆಟ್ಟಿಗೆ ತರಬೇಕಾಗುತ್ತದೆ.