ಸೀಟಿ ಊದದ ತರಬೇತುದಾರ

ಮಿನ್ನೆಸೋಟಾ ರಾಜ್ಯಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ಎರಡು ಸಂಗತಿಗಳು ಅರ್ಥವಾಗಲು ಸಮಯ ಹಿಡಿಯುತ್ತದೆ. ಒಂದು ಇಲ್ಲಿಯ ಚಳಿ, ಇನ್ನೊಂದು ಇಲ್ಲಿಯ ಫುಟ್‌ಬಾಲ್. ಬೆಂಗಳೂರಿನ ಆಸ್ಟಿನ್ ಟೌನ್ ಹುಡುಗರು ಆಡುವ ಕಾಲ್ಚೆಂಡಿಗೂ ಅಮೆರಿಕನ್ನರ ಫುಟ್‌ಬಾಲಿಗೂ ಹೆಸರಿನ ಹೊರತು ಹೆಚ್ಚಿನ ಸಂಬಂಧವಿಲ್ಲ. ಇಲ್ಲಿಯ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ನಾಲ್ಕು ಅವಕಾಶಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗದಂತೆ ತಡೆಯಲು ಎದುರಾಳಿಗಳು ಮೈಮೇಲೆ ಬಿದ್ದು ನೆಲಕ್ಕೆ ಕೆಡವುತ್ತಾರೆ. ಹೀಗೆ ಕೆಡವುವುದಕ್ಕೆ ‘ಟ್ಯಾಕಲ್’ ಎಂದು ಹೆಸರು. ಆಟದ ಜೀವವೂ ಅದೇ, ಅಪಾಯವೂ ಅದೇ.

ಈ ಆಟದ ತರಬೇತುದಾರನಿಗೆ ಅಮೆರಿಕದ ಕಾಲೇಜುಗಳಲ್ಲಿರುವ ಸ್ಥಾನ ನಮ್ಮವರಿಗೆ ಬೆರಗು ಹುಟ್ಟಿಸುವಂಥದು. ಅನೇಕ ರಾಜ್ಯಗಳಲ್ಲಿ ಸರ್ಕಾರದಿಂದ ಅತಿ ಹೆಚ್ಚು ವೇತನ ಪಡೆಯುವವನು ರಾಜ್ಯಪಾಲನಲ್ಲ, ವಿಶ್ವವಿದ್ಯಾಲಯದ ಕುಲಪತಿಯೂ ಅಲ್ಲ, ಫುಟ್‌ಬಾಲ್ ಕೋಚ್. ಗರ್ಜಿಸುವುದು, ಕೊರಳಿನ ಸೀಟಿಯನ್ನು ಕಿವಿ ಕಿವುಡಾಗುವಂತೆ ಊದುವುದು, ತಪ್ಪು ಮಾಡಿದ ಹುಡುಗನನ್ನು ಮೈದಾನದ ಸುತ್ತ ಓಡಿಸುವುದು, ಇವೆಲ್ಲ ಆ ಪದವಿಯ ಲಕ್ಷಣಗಳೆಂದೇ ಬಹುಕಾಲ ಜನ ನಂಬಿದ್ದರು. ಆದರೆ ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲಿ ಎಲ್ಲರಿಗಿಂತ ಹೆಚ್ಚು ಪಂದ್ಯಗಳನ್ನು ಗೆದ್ದ ಮನುಷ್ಯ ಇವುಗಳಲ್ಲಿ ಒಂದನ್ನೂ ಮಾಡಲಿಲ್ಲ. ಅವರ ಹೆಸರು ಜಾನ್ ಗಲಾರ್ಡಿ. ಅವರು ಅರವತ್ತು ವರ್ಷ ದುಡಿದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ ಮಿನಿಯಾಪೊಲಿಸ್ ನಗರದಿಂದ ವಾಯವ್ಯಕ್ಕೆ ಸುಮಾರು ಒಂದೂವರೆ ಗಂಟೆಯ ಹಾದಿಯಲ್ಲಿ, ಕಾಡು ಮತ್ತು ಸರೋವರಗಳ ನಡುವೆ ಕಾಲೇಜ್‌ವಿಲ್ ಎಂಬಲ್ಲಿದೆ. ಬೆನೆಡಿಕ್ಟೈನ್ ಸನ್ಯಾಸಿಗಳು ಕಟ್ಟಿ ಬೆಳೆಸಿದ ವಿದ್ಯಾಸಂಸ್ಥೆಯದು.

ಗಲಾರ್ಡಿಯವರು ಹುಟ್ಟಿದ್ದು 1926ರಲ್ಲಿ, ಕೊಲರಾಡೊ ರಾಜ್ಯದ ಟ್ರಿನಿಡಾಡ್ ಎಂಬ ಊರಿನಲ್ಲಿ. ತಂದೆ ಇಟಲಿಯಿಂದ ವಲಸೆ ಬಂದವರು. 1943ರಲ್ಲಿ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ, ಅವರು ಓದುತ್ತಿದ್ದ ಹೈಸ್ಕೂಲಿನ ಕೋಚ್‌ಗೆ ಸೈನ್ಯದಿಂದ ಕರೆ ಬಂತು. ಬೇರೆ ಕೋಚ್ ಸಿಗದೆ ಶಾಲೆಯವರು ತಂಡವನ್ನೇ ಕೈಬಿಡುವ ಯೋಚನೆಯಲ್ಲಿದ್ದರು. ಆಗ ತಂಡದ ನಾಯಕನಾಗಿದ್ದ ಹದಿನಾರರ ಈ ಹುಡುಗ ತಾನೇ ತರಬೇತಿ ನೀಡುವೆನೆಂದು ಒಪ್ಪಿಸಿದ. ಹಿಂದಿನ ಪದ್ಧತಿಯಲ್ಲಿ ತನಗೆ ಯಾವುದು ಹಿಂಸೆಯೆನಿಸಿತ್ತೋ ಅದನ್ನು ತೆಗೆದುಹಾಕುವುದೇ ಅವನ ಮೊದಲ ಸುಧಾರಣೆಯಾಯಿತು. ಅಂದಿನ ದಿನಗಳಲ್ಲಿ ಅಭ್ಯಾಸದ ನಡುವೆ ನೀರು ಕುಡಿಯುವುದು ದೌರ್ಬಲ್ಯವೆಂಬ ನಂಬಿಕೆಯಿತ್ತು. ಅವನು ಹುಡುಗರಿಗೆ ಬೇಕಾದಾಗ ನೀರು ಕುಡಿಯಲು ಬಿಟ್ಟ. ಯಾರೂ ದುರ್ಬಲರಾಗಲಿಲ್ಲ, ತಂಡ ಗೆಲ್ಲತೊಡಗಿತು.

ಪದವಿಯ ಬಳಿಕ 1949ರಲ್ಲಿ ಅವರು ಮೊಂಟಾನಾ ರಾಜ್ಯದ ಕ್ಯಾರಲ್ ಕಾಲೇಜಿಗೆ ಕೋಚ್ ಆಗಿ ಸೇರಿದರು. 1953ರಲ್ಲಿ ಸೇಂಟ್ ಜಾನ್ಸ್‌ಗೆ ಬಂದರು. ಆಗ ವಯಸ್ಸು ಇಪ್ಪತ್ತಾರು. 2012ರಲ್ಲಿ ನಿವೃತ್ತರಾದಾಗ ಎಂಬತ್ತಾರು. ಈ ನಡುವೆ ಅಮೆರಿಕದಲ್ಲಿ ಐಸೆನ್‌ಹೋವರ್‌ರಿಂದ ಒಬಾಮಾವರೆಗೆ ಹನ್ನೊಂದು ಮಂದಿ ಅಧ್ಯಕ್ಷರಾದರು. ಕ್ಯಾರಲ್‌ನ ನಾಲ್ಕು ಋತುಗಳನ್ನೂ ಸೇರಿಸಿದರೆ ಒಟ್ಟು 64 ಋತು. 489 ಗೆಲುವು, 138 ಸೋಲು, 11 ಸಮ. 1963, 1965, 1976 ಮತ್ತು 2003ರಲ್ಲಿ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಗ್ರ್ಯಾಂಬ್ಲಿಂಗ್ ಸ್ಟೇಟ್‌ನ ಕಪ್ಪುವರ್ಣೀಯ ಕೋಚ್ ಎಡ್ಡಿ ರಾಬಿನ್ಸನ್ ಅವರ 408 ಗೆಲುವುಗಳ ದಾಖಲೆಯನ್ನು ದಾಟಿದ್ದು 2003ರ ನವೆಂಬರ್‌ನಲ್ಲಿ. ಅದೇ ವರ್ಷದ ಅಂತಿಮ ಪಂದ್ಯದಲ್ಲಿ, ಸತತ 55 ಪಂದ್ಯಗಳನ್ನು ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ತಂಡವನ್ನು 24–6ರಿಂದ ಮಣಿಸಿದರು.

ಅಂಕಿಗಳಿಗಿಂತಲೂ ಆ ಗೆಲುವುಗಳ ಹಿಂದಿನ ಕ್ರಮ ಸ್ವಾರಸ್ಯದ್ದು. ಅದು ‘ಬೇಡ’ಗಳ ಪಟ್ಟಿಯೆಂದೇ ಪ್ರಸಿದ್ಧ. ಸೀಟಿ ಬೇಡ. ಒಂದೂವರೆ ಗಂಟೆ ಮೀರಿದ ಅಭ್ಯಾಸ ಬೇಡ. ಕಡ್ಡಾಯ ಭಾರ ಎತ್ತುವಿಕೆ ಬೇಡ. ಹೊಸಬರನ್ನು ಗೋಳುಹೊಯ್ದುಕೊಳ್ಳುವುದು ಬೇಡ. ಆಡಲು ಬಂದವನನ್ನು ಯೋಗ್ಯತೆ ಸಾಲದೆಂದು ಹೊರಹಾಕುವುದೂ ಬೇಡ. ಹೀಗಾಗಿ ತಂಡದ ಪಟ್ಟಿ ನೂರೈವತ್ತು ಹೆಸರುಗಳನ್ನು ಮೀರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಭ್ಯಾಸದಲ್ಲಿ ಟ್ಯಾಕಲ್ ಬೇಡ. ಯಾರು ಎಲ್ಲಿ ನಿಲ್ಲಬೇಕು, ಯಾವಾಗ ಯಾವ ಕೋನದಲ್ಲಿ ಚಲಿಸಬೇಕು ಎಂಬುದನ್ನು ಮತ್ತೆ ಮತ್ತೆ ತಿದ್ದಿಸುತ್ತಿದ್ದರೇ ಹೊರತು ತಮ್ಮವರನ್ನೇ ಕೆಡವಿಸುತ್ತಿರಲಿಲ್ಲ. ಕೆಡವುವ ಕೆಲಸ ಶನಿವಾರದ ಪಂದ್ಯಕ್ಕೆ ಮೀಸಲು. ಗಾಯಗೊಂಡು ಕುಳಿತ ಆಟಗಾರ ತಂಡಕ್ಕೆ ಪ್ರಯೋಜನಕ್ಕೆ ಬಾರನೆಂಬ ಸರಳ ಲೆಕ್ಕ ಅದರ ಹಿಂದಿತ್ತು.

ಇನ್ನೂ ಒಂದು ‘ಬೇಡ’ವಿತ್ತು. ತಮ್ಮನ್ನು ‘ಕೋಚ್’ ಎಂದು ಕರೆಯುವುದು ಬೇಡ, ‘ಜಾನ್’ ಎಂದರೆ ಸಾಕು. ಮೇಷ್ಟ್ರ ಹೆಸರನ್ನು ಬಾಯಿಬಿಟ್ಟು ಹೇಳಲೂ ಅಂಜುತ್ತಿದ್ದ ಪೀಳಿಗೆಯ ನನಗೆ ಇದು ಮೊದಲು ಜೀರ್ಣವಾಗಲಿಲ್ಲ. ಎಂಬತ್ತು ದಾಟಿದ ಹಿರಿಯರನ್ನು ಹದಿನೆಂಟರ ಹುಡುಗ ಹೆಸರು ಹಿಡಿದು ಕೂಗುವುದೆಂದರೇನು? ಯೋಚಿಸಿದಂತೆಲ್ಲ ಅದರ ಇನ್ನೊಂದು ಮುಖ ಕಂಡಿತು. ಪದವಿಯ ಹೆಸರು ಕಳಚಿಟ್ಟವನು ಶಿಷ್ಯರ ಗೌರವವನ್ನು ದಿನದಿನವೂ ಕೆಲಸದಿಂದಲೇ ಗಳಿಸಬೇಕಾಗುತ್ತದೆ. ಹುಡುಗ ‘ಇದು ಸರಿಹೋಗುತ್ತಿಲ್ಲ ಜಾನ್’ ಎಂದು ಎದುರು ನಿಂತು ಹೇಳಬಲ್ಲ.

ಆ ಮಾತು ಹೇಳಲಾಗದ ವಾತಾವರಣ ಎಷ್ಟು ಅಪಾಯಕಾರಿ ಎಂಬುದಕ್ಕೂ ಇದೇ ಆಟದಲ್ಲಿ ನಿದರ್ಶನವಿದೆ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 46 ಋತುಗಳ ಕಾಲ ಕೋಚ್ ಆಗಿದ್ದ ಜೋ ಪಟೆರ್ನೊ ಅವರಿಗೆ ಜೀವಂತವಾಗಿರುವಾಗಲೇ ಕಂಚಿನ ಪ್ರತಿಮೆ ನಿಂತಿತ್ತು. ಅವರ ಮಾಜಿ ಸಹಾಯಕನ ಮೇಲೆ ಮಕ್ಕಳ ಲೈಂಗಿಕ ಶೋಷಣೆಯ ಆರೋಪಗಳು ಬಂದ 2011ರಲ್ಲಿ ವಿಶ್ವವಿದ್ಯಾಲಯ ಪಟೆರ್ನೊ ಅವರನ್ನು ವಜಾಗೊಳಿಸಿತು. ಮರುವರ್ಷ ಪ್ರತಿಮೆಯನ್ನೂ ತೆರವುಗೊಳಿಸಿತು. ಆ ಸಹಾಯಕ ನ್ಯಾಯಾಲಯದಲ್ಲಿ ಅಪರಾಧಿಯೆಂದು ಸಾಬೀತಾದ. ದೀರ್ಘ ಸೇವೆ ತನ್ನಷ್ಟಕ್ಕೆ ಸದ್ಗುಣವಲ್ಲವೆಂಬ ಪಾಠವನ್ನು ಅಮೆರಿಕ ಆಗ ನೋವಿನಿಂದ ಕಲಿಯಿತು.

ಗಲಾರ್ಡಿಯವರ ವಿಚಾರವನ್ನು ನಾನು ಆಸಕ್ತಿಯಿಂದ ಓದತೊಡಗಿದ್ದಕ್ಕೆ ಕಾರಣ ನಮ್ಮ ಮನೆಯಲ್ಲೇ ಇತ್ತು. ಒಂಬತ್ತನೆಯ ತರಗತಿಗೆ ಕಾಲಿಟ್ಟ ಮಗ ಶಾಲೆಯ ಫುಟ್‌ಬಾಲ್ ತಂಡ ಸೇರುವೆನೆಂದು ಹಟ ಹಿಡಿದ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಂದ ಮಿದುಳು ನಿಧಾನವಾಗಿ ಕ್ಷೀಣಿಸುವ ಕಾಯಿಲೆಯ ಬಗ್ಗೆ ಪತ್ರಿಕೆಗಳು ಆಗ ಬರೆಯುತ್ತಲೇ ಇದ್ದವು. ಆ ಕಾಯಿಲೆ ಖಚಿತವಾಗುವುದು ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿದಾಗ ಮಾತ್ರ. ಪ್ರಜ್ಞೆ ತಪ್ಪಿಸುವಂಥ ದೊಡ್ಡ ಪೆಟ್ಟೇ ಆಗಬೇಕೆಂದಿಲ್ಲ. ವರ್ಷಗಟ್ಟಲೆ ಸೇರುತ್ತ ಹೋಗುವ ಸಣ್ಣ ಪೆಟ್ಟುಗಳೂ ಸಾಕು. ‘ಕ್ರಿಕೆಟ್ ಆಡಲಿ, ಟೆನಿಸ್ ಆಡಲಿ, ಇದು ಮಾತ್ರ ಬೇಡ’ ಎಂದು ನನ್ನ ಪತ್ನಿ ಖಡಾಖಂಡಿತವಾಗಿ ಹೇಳಿದಳು. ‘ನನ್ನ ಸ್ನೇಹಿತರೆಲ್ಲ ಅಲ್ಲೇ ಇದ್ದಾರಮ್ಮ’ ಎಂದ ಮಗ. ವಲಸೆ ಬಂದವರ ಮನೆಯಲ್ಲಿ ಆ ಮಾತಿನ ತೂಕ ಎಷ್ಟೆಂಬುದು ಹೊರದೇಶದಲ್ಲಿರುವ ಓದುಗರಿಗೆ ಗೊತ್ತು.

ಕೊನೆಗೆ ಅವಳೇ ಶಾಲೆಯ ಕೋಚ್‌ರನ್ನು ಕಂಡು ಒಂದೇ ಪ್ರಶ್ನೆ ಕೇಳಿದಳು: ‘ಅಭ್ಯಾಸದಲ್ಲಿ ವಾರಕ್ಕೆ ಎಷ್ಟು ನಿಮಿಷ ಮಕ್ಕಳನ್ನು ಒಬ್ಬರಿಂದೊಬ್ಬರು ಕೆಡವಿಸುತ್ತೀರಿ?’ ಅವರು ಮುಖ ಸಿಂಡರಿಸಲಿಲ್ಲ. ತಮ್ಮ ವಾರದ ವೇಳಾಪಟ್ಟಿ ತೆಗೆದು ತೋರಿಸಿದರು. ತಲೆಗೆ ಪೆಟ್ಟಾದ ಹುಡುಗ ಮತ್ತೆ ಆಡಬೇಕಾದರೆ ವೈದ್ಯರ ಒಪ್ಪಿಗೆ ಬೇಕೇ ಬೇಕೆಂಬುದನ್ನೂ ವಿವರಿಸಿದರು. ಮಗ ಎರಡು ವರ್ಷ ಆಡಿದ, ಬಹುಪಾಲು ಬೆಂಚಿನ ಮೇಲೆ ಕುಳಿತೇ. ಅವನು ಮೈದಾನಕ್ಕಿಳಿದ ಪ್ರತಿ ಸಲವೂ ಅವಳು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಗಲಾರ್ಡಿಯವರ ದಾರಿ ಆಟವನ್ನು ಪೂರ್ತಿ ನಿರಪಾಯಗೊಳಿಸಿತೆಂದು ಹೇಳಲಾಗದು. ಪಂದ್ಯದ ದಿನ ಅವರ ಹುಡುಗರೂ ಡಿಕ್ಕಿ ಹೊಡೆದರು, ಬಿದ್ದರು, ಪೆಟ್ಟು ತಿಂದರು. ಕ್ರೀಡೆಗೆಂದು ವಿದ್ಯಾರ್ಥಿವೇತನ ನೀಡದ, ಮೂರನೆಯ ವಿಭಾಗದ ಸಣ್ಣ ಕಾಲೇಜಿನಲ್ಲಿ ಸಾಧ್ಯವಾದದ್ದು ಕೋಟಿಗಟ್ಟಲೆ ಡಾಲರ್ ಹರಿಯುವ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನಡೆಯದೆಂದು ವಾದಿಸುವವರೂ ಇದ್ದಾರೆ. ಆದರೂ ಗಾಳಿ ಬೀಸುವ ದಿಕ್ಕು ಬದಲಾಗಿದೆ. 2010ರಲ್ಲಿ ಡಾರ್ಟ್‌ಮತ್ ಕಾಲೇಜು ಅಭ್ಯಾಸದಲ್ಲಿ ಟ್ಯಾಕಲ್ ನಿಲ್ಲಿಸಿತು. 2016ರಲ್ಲಿ ಐವಿ ಲೀಗ್‌ನ ಕೋಚ್‌ಗಳೆಲ್ಲ ಋತುವಿನ ನಡುವಿನ ಅಭ್ಯಾಸದಲ್ಲಿ ಅದನ್ನು ಕೈಬಿಡಲು ಒಪ್ಪಿದರು. ವಿಚಿತ್ರ ಮನುಷ್ಯನ ವಿಚಿತ್ರ ಹಟವೆಂದು ಕಂಡಿದ್ದು ನಿಯಮವಾಗತೊಡಗಿತು.

ಗಲಾರ್ಡಿಯವರು 2018ರ ಅಕ್ಟೋಬರ್‌ನಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೂರನೆಯ ವಿಭಾಗದ ಅತ್ಯುತ್ತಮ ಆಟಗಾರನಿಗೆ ವರ್ಷವರ್ಷವೂ ಸಲ್ಲುವ ಪ್ರಶಸ್ತಿ ಅವರ ಹೆಸರಿನಲ್ಲಿದೆ. ಅದನ್ನು ಕೊಡುವಾಗ ಆಟದ ಜೊತೆಗೆ ಓದನ್ನೂ ಸಮಾಜಸೇವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇಲ್ಲಿಗೆ ಹೊಸದಾಗಿ ಬಂದು, ಮಗುವನ್ನು ಯಾವುದೋ ಮೈದಾನದಂಚಿನಲ್ಲಿ ಬಿಟ್ಟು ಕಾರಿನೊಳಗೆ ಕಾಯುತ್ತ ಕೂರುವ ಕನ್ನಡದ ತಂದೆತಾಯಿಗಳಿಗೆ ನನ್ನದೊಂದು ವಿನಂತಿ. ಆ ತಂಡ ಎಷ್ಟು ಪಂದ್ಯ ಗೆದ್ದಿದೆಯೆಂದು ಆಮೇಲೆ ಕೇಳಿ. ಮೊದಲು ಕಾರಿನಿಂದಿಳಿದು ಹೋಗಿ, ಅಭ್ಯಾಸದಲ್ಲಿ ಏನೇನು ಮಾಡಿಸುವುದಿಲ್ಲವೆಂದು ಕೇಳಿ.