ರೇಡಾರಿನ ದಿಗ್ಭ್ರಮೆ

ಕತ್ತಲೆಯಲ್ಲಿ ಯಾರಾದರೂ ಕೂಗಿದರೆ ಕೂಗಿದವರನ್ನು ಕಾಣದೆಯೇ ನಾವು ಅತ್ತ ತಿರುಗುತ್ತೇವೆ. ಬಲಗಡೆಯಿಂದ ಬಂದ ಧ್ವನಿ ಬಲಗಿವಿಯನ್ನು ಮೊದಲು ಮುಟ್ಟುತ್ತದೆ; ಸೆಕೆಂಡಿನ ಸಾವಿರದ ಒಂದಂಶಕ್ಕಿಂತಲೂ ಕಡಮೆ ಕಾಲದ ತರುವಾಯ ಎಡಗಿವಿಯನ್ನು ಮುಟ್ಟುತ್ತದೆ. ಇಷ್ಟು ಅಲ್ಪವಾದ ಅಂತರವೇ ಮಿದುಳಿಗೆ ದಿಕ್ಕನ್ನು ತಿಳಿಸಿಕೊಡುವ ಸುಳಿವು. ಇಂದಿನ ಅನೇಕ ಮೋಟಾರು ಕಾರುಗಳ ಮುಂಭಾಗದಲ್ಲಿ ಅಡಗಿರುವ ರೇಡಾರ್ ಸಹ ಇದೇ ಉಪಾಯವನ್ನು ನಂಬಿಕೊಂಡಿದೆ. ಆದರೆ ಅದರ ‘ಕಿವಿಗಳು’ ತೀರ ಸಮೀಪದಲ್ಲಿರುವುದರಿಂದ ಅದಕ್ಕೆ ಆಗಾಗ ದಿಗ್ಭ್ರಮೆಯಾಗುತ್ತದೆ.

1904ರಲ್ಲಿ ಕ್ರಿಶ್ಚಿಯನ್ ಹ್ಯೂಲ್ಸ್‌ಮೇಯರ್ ಎಂಬ ಜರ್ಮನ್ ಶೋಧಕನು ಕಲೋನ್ ನಗರದಲ್ಲಿ ರೈನ್ ನದಿಯ ಹಡಗುಗಳನ್ನು ರೇಡಿಯೋ ಅಲೆಗಳ ಪ್ರತಿಫಲನದಿಂದ ಪತ್ತೆಹಚ್ಚಿ ತೋರಿಸಿದನು. ಅವನ ಯಂತ್ರವು ಹಡಗಿರುವ ದಿಕ್ಕನ್ನು ಹೇಳುತ್ತಿತ್ತು. ದೂರವನ್ನು ನೇರವಾಗಿ ಅಳೆಯಲಾರದಾಗಿತ್ತು. ಕಾರಿನ ರೇಡಾರಿನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದು 76ರಿಂದ 81 ಗಿಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನು ಬಳಸುತ್ತದೆ. ಪ್ರತಿಯೊಂದು ಸಲವೂ ಆವೃತ್ತಿಯನ್ನು ಕ್ರಮವಾಗಿ ಏರಿಸುತ್ತ ಅಲೆಯನ್ನು ಕಳುಹಿಸುತ್ತದೆ. ಪ್ರತಿಧ್ವನಿ ಹಿಂದಿರುಗುವ ಹೊತ್ತಿಗೆ ಹೊರಡುತ್ತಿರುವ ಅಲೆಯ ಆವೃತ್ತಿ ಇನ್ನಷ್ಟು ಏರಿರುತ್ತದೆಯಷ್ಟೆ. ಇವೆರಡರ ವ್ಯತ್ಯಾಸವೇ ದೂರದ ಅಳತೆ. ಏರಿಕೆ 4 ಗಿಗಾಹರ್ಟ್ಸ್‌ನಷ್ಟಿದ್ದರೆ ಒಂದರ ಹಿಂದೊಂದು ಸುಮಾರು 4 ಸೆಂಟಿಮೀಟರ್ ಅಂತರದಲ್ಲಿರುವ ವಸ್ತುಗಳನ್ನೂ ಬೇರ್ಪಡಿಸಬಹುದು. ಅನೇಕ ಅಲೆಗಳನ್ನು ಒಂದಾದ ಮೇಲೊಂದು ಕಳುಹಿಸಿ ಪ್ರಾವಸ್ಥೆಯ ಬದಲಾವಣೆಯನ್ನು ಗಮನಿಸಿದರೆ ವೇಗವೂ ದೊರೆಯುತ್ತದೆ. ದೂರ ಮತ್ತು ವೇಗಗಳಲ್ಲಿ ಇಷ್ಟು ನಿಪುಣವಾದ ಯಂತ್ರವು ದಿಕ್ಕಿನ ವಿಷಯದಲ್ಲಿ ಏಕೆ ತಡವರಿಸಬೇಕು?

77 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 3.9 ಮಿಲಿಮೀಟರ್. ಎರಡು ಆಂಟೆನಗಳನ್ನು ಅರ್ಧ ಅಲೆಯುದ್ದದ ಅಂತರದಲ್ಲಿ ಇಟ್ಟಿದ್ದೇವೆ ಎನ್ನೋಣ. ನೇರ ಎದುರಿನಿಂದ ಬಂದ ಅಲೆ ಎರಡನ್ನೂ ಒಮ್ಮೆಗೇ ತಲಪುತ್ತದೆ. 30 ಡಿಗ್ರಿ ಓರೆಯಾಗಿ ಬಂದ ಅಲೆಯಾದರೋ ದೂರದ ಆಂಟೆನಕ್ಕೆ ಹೆಚ್ಚಿನ ದಾರಿ ನಡೆಯಬೇಕು. ಆ ಹೆಚ್ಚುವರಿ ದಾರಿ ಆಂಟೆನಗಳ ಅಂತರವನ್ನು ಕೋನದ ಸೈನ್‌ನಿಂದ ಗುಣಿಸಿದಷ್ಟು, ಅಂದರೆ ಕಾಲು ಅಲೆಯುದ್ದ. ಪ್ರಾವಸ್ಥೆಯ ವ್ಯತ್ಯಾಸ ಆಗ 90 ಡಿಗ್ರಿ. ಇದನ್ನು ಅಳೆದರೆ ಹಿಮ್ಮುಖವಾಗಿ ಲೆಕ್ಕ ಮಾಡಿ ದಿಕ್ಕನ್ನು ತಿಳಿಯಬಹುದು.

ವಸ್ತು ಒಂದೇ ಇದ್ದರೆ ಈ ಲೆಕ್ಕ ಸುಗಮ. ಒಂದೇ ದೂರದಲ್ಲಿ ಒಂದೇ ವೇಗದ ಎರಡು ವಸ್ತುಗಳಿದ್ದರೆ ಅವುಗಳ ಪ್ರತಿಧ್ವನಿಗಳು ಬೆರೆತುಹೋಗುತ್ತವೆ. ಬೆರಕೆಯಿಂದ ದೊರೆಯುವ ದಿಕ್ಕು ಎರಡರದೂ ಆಗಿರದೆ ಹೋಗಬಹುದು. ಅವುಗಳನ್ನು ಬಿಡಿಸಲು ಆಂಟೆನಗಳ ಸಾಲು ಉದ್ದವಾಗಿರಬೇಕು. ಅರ್ಧ ಅಲೆಯುದ್ದಕ್ಕೊಂದರಂತೆ ಆಂಟೆನಗಳನ್ನು ಜೋಡಿಸಿದಾಗ, ಬೇರ್ಪಡಿಸಬಹುದಾದ ಕನಿಷ್ಠ ಕೋನ, ರೇಡಿಯನ್ನುಗಳಲ್ಲಿ, ಸುಮಾರಾಗಿ 2ನ್ನು ಆಂಟೆನಗಳ ಸಂಖ್ಯೆಯಿಂದ ಭಾಗಿಸಿದಷ್ಟು. ನಾಲ್ಕು ಆಂಟೆನಗಳಿಗೆ ಇದು 29 ಡಿಗ್ರಿ, ಹನ್ನೆರಡಕ್ಕೆ 9.5 ಡಿಗ್ರಿ. ನೂರು ಮೀಟರ್ ದೂರದಲ್ಲಿ 9.5 ಡಿಗ್ರಿಯೆಂದರೆ ಸುಮಾರು 17 ಮೀಟರ್ ಅಗಲ! ರಸ್ತೆಯ ನಡುವೆ ಕೆಟ್ಟು ನಿಂತ ಲಾರಿಯೂ ರಸ್ತೆಯಂಚಿನ ಕಬ್ಬಿಣದ ಬೇಲಿಯೂ ಇಷ್ಟರೊಳಗೆ ಒಂದಾಗಿಬಿಡುತ್ತವೆ.

ಇದು ಪ್ರಾಣದ ಪ್ರಶ್ನೆ. ಬೇಲಿಯನ್ನೋ ಮೇಲಿನ ಸೇತುವೆಯನ್ನೋ ಅಡ್ಡಿಯೆಂದು ಭ್ರಮಿಸಿ ಕಾರು ಫಕ್ಕನೆ ಬ್ರೇಕು ಹಾಕಿದರೆ ಹಿಂದಿನವರಿಗೆ ಅಪಾಯ. ಆ ಭಯದಿಂದಲೇ ಹಳೆಯ ರೇಡಾರುಗಳು ನಿಂತಿರುವ ವಸ್ತುಗಳ ಪ್ರತಿಧ್ವನಿಗಳನ್ನು ಬಹುಮಟ್ಟಿಗೆ ಕಡೆಗಣಿಸುತ್ತಿದ್ದವು. ಹಾಗೆ ಮಾಡಿದರೆ ನಿಜವಾಗಿಯೂ ದಾರಿಗೆ ಅಡ್ಡ ನಿಂತ ಲಾರಿಯೂ ಲೆಕ್ಕದಿಂದ ಬಿಟ್ಟುಹೋಗಬಹುದು.

ಆಂಟೆನಗಳನ್ನು ದೂರ ದೂರ ಇಟ್ಟರಾಗದೆ ಎಂದು ಓದುಗರು ಕೇಳಬಹುದು. ಅಂತರ ಅರ್ಧ ಅಲೆಯುದ್ದವನ್ನು ಮೀರಿದರೆ ಎರಡು ಬೇರೆ ದಿಕ್ಕುಗಳು ಒಂದೇ ಪ್ರಾವಸ್ಥಾ ವ್ಯತ್ಯಾಸವನ್ನು ಕೊಡಬಲ್ಲವು. ಇದಕ್ಕೊಂದು ಜಾಣ ಪರಿಹಾರವೆಂದರೆ ಅಸಮ ಅಂತರ. ಅರ್ಧ ಅಲೆಯುದ್ದವನ್ನು ಒಂದು ಗೇಣೆಂದು ಭಾವಿಸಿ, 0, 1, 4, 6 ಎಂಬ ನಾಲ್ಕು ಸ್ಥಾನಗಳಲ್ಲಿ ಆಂಟೆನಗಳನ್ನಿಡಿ. ಎರಡೆರಡನ್ನು ಹೋಲಿಸಿದರೆ 1ರಿಂದ 6ರವರೆಗಿನ ಎಲ್ಲ ಅಂತರಗಳೂ ಸಿಗುತ್ತವೆ. ನಾಲ್ಕೇ ಆಂಟೆನಗಳಿಂದ ಏಳು ಸ್ಥಾನಗಳ ಸಾಲಿನ ಉದ್ದ ದೊರೆತಂತಾಯಿತು. ಆದರೆ ಇದರ ಪೂರ್ಣ ಫಲಕ್ಕೆ ಪದೇ ಪದೇ ಅಳತೆ ಮಾಡಬೇಕಾಗುತ್ತದೆ.

ಇನ್ನೊಂದು ಉಪಾಯ ಪ್ರೇಷಕಗಳನ್ನೂ ಹೆಚ್ಚಿಸುವುದು. ಗ್ರಾಹಕ ಆಂಟೆನಗಳು ಒಂದೊಂದು ಗೇಣಿಗೆ ನಾಲ್ಕು, ಪ್ರೇಷಕಗಳು ನಾಲ್ಕು ನಾಲ್ಕು ಗೇಣಿಗೆ ಮೂರು ಇದ್ದರೆ, ಪ್ರತಿಯೊಂದು ಜೋಡಿಯೂ ಒಂದು ಹೊಸ ಸ್ಥಾನದ ಆಂಟೆನದಂತೆ ವರ್ತಿಸುತ್ತದೆ. ಏಳು ಆಂಟೆನಗಳಿಂದ ಹನ್ನೆರಡು ಸ್ಥಾನಗಳ ಸಾಲು! 12 ಪ್ರೇಷಕಗಳಿಗೆ 16 ಗ್ರಾಹಕಗಳನ್ನು ಜೊತೆಗೂಡಿಸಿದರೆ ಸ್ಥಾನಗಳು 192. ಅವೆಲ್ಲವನ್ನೂ ಅಡ್ಡಸಾಲಿಗೇ ಮೀಸಲಿಟ್ಟರೆ ನೂರು ಮೀಟರ್ ದೂರದಲ್ಲಿ ಸುಮಾರು ಒಂದು ಮೀಟರ್ ಅಂತರವನ್ನು ಗುರುತಿಸಬಹುದು. ಸೇತುವೆಯ ಎತ್ತರವನ್ನು ಅಳೆಯಲು ಕೆಲವನ್ನು ಮೇಲೆ ಕೆಳಗೆ ಇಡಬೇಕಾಗುವುದರಿಂದ ಅಷ್ಟು ಲಾಭ ಕೈಗೆಟುಕದು.

ಇಲ್ಲಿಯೂ ಒಂದು ತೊಡಕುಂಟು. ಪ್ರೇಷಕಗಳು ಸರದಿಯಂತೆ ಕೆಲಸಮಾಡುತ್ತವೆ ಎನ್ನೋಣ. ಒಂದರ ಸರದಿಗೂ ಮುಂದಿನದರ ಸರದಿಗೂ ಸೆಕೆಂಡಿನ ಹತ್ತುಲಕ್ಷದ 50 ಅಂಶದಷ್ಟು ಕಾಲವಿದ್ದು, ಎದುರಿನ ವಾಹನ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹತ್ತಿರವಾಗುತ್ತಿದ್ದರೆ, ಅಷ್ಟರಲ್ಲಿ ಅದು ಒಂದು ಮಿಲಿಮೀಟರ್ ಸರಿದಿರುತ್ತದೆ. ಹೋಗಿಬರುವ ದಾರಿಯಲ್ಲಿ ಇದು ಎರಡು ಮಿಲಿಮೀಟರ್, ಹೆಚ್ಚುಕಡಮೆ ಅರ್ಧ ಅಲೆಯುದ್ದ. ದಿಕ್ಕಿನ ಲೆಕ್ಕ ಬುಡಮೇಲಾಗಲು ಇಷ್ಟು ಸಾಕು. ಆದಕಾರಣ ಮೊದಲು ವೇಗವನ್ನು ಅಳೆದು, ಅದರಿಂದಾಗುವ ಪ್ರಾವಸ್ಥೆಯನ್ನು ಕಳೆದು, ಅನಂತರವೇ ದಿಕ್ಕನ್ನು ಗಣಿಸಬೇಕು. ಪ್ರೇಷಕಗಳಿಗೆ ಬೇರೆ ಬೇರೆ ಸಂಕೇತಗಳನ್ನು ಕೊಟ್ಟು ಏಕಕಾಲದಲ್ಲಿ ನಡೆಸುವ ಪದ್ಧತಿಯೂ ಇದೆ.

ಗಣಿತದ ನೆರವೂ ಸಣ್ಣದಲ್ಲ. ರಾಲ್ಫ್ ಸ್ಮಿಟ್ 1986ರಲ್ಲಿ ಪ್ರಕಟಿಸಿದ ‘ಮ್ಯೂಸಿಕ್’ ಎಂಬ ವಿಧಾನವು ಅಳತೆಗಳಲ್ಲಿ ಪ್ರತಿಧ್ವನಿಯ ಪಾಲನ್ನೂ ಗದ್ದಲದ ಪಾಲನ್ನೂ ಬೇರ್ಪಡಿಸಿ, ಸಾಲಿನ ಉದ್ದ ಸೂಚಿಸುವುದಕ್ಕಿಂತ ಸೂಕ್ಷ್ಮವಾಗಿ ದಿಕ್ಕುಗಳನ್ನು ಬಿಡಿಸಬಲ್ಲುದು. ಆದರೆ ಪ್ರತಿಧ್ವನಿಗಳು ಪರಸ್ಪರ ಸ್ವತಂತ್ರವಾಗಿರಬೇಕೆಂದು ಅದು ಬಯಸುತ್ತದೆ. ಕಾರಿನ ರೇಡಾರಿನಲ್ಲಿ ಅವು ಒಂದೇ ಮೂಲದಿಂದ ಹೊರಟವು. ಆದ್ದರಿಂದ ಸಾಲನ್ನು ಒಂದರ ಮೇಲೊಂದು ಚಾಚಿದ ಚಿಕ್ಕ ಸಾಲುಗಳಾಗಿ ವಿಂಗಡಿಸಿ ಸರಾಸರಿ ತೆಗೆಯುತ್ತಾರೆ. ಅದಕ್ಕೆ ಸಾಲಿನ ಉದ್ದವನ್ನೇ ಸ್ವಲ್ಪ ಬಲಿಗೊಡಬೇಕು.

ಇದಲ್ಲದೆ ರೇಡಾರನ್ನು ಮರೆಮಾಡುವ ಪ್ಲಾಸ್ಟಿಕ್ ಬಂಪರು, ಅದರ ಮೇಲಣ ಬಣ್ಣ, ಕೆಸರು, ಇವೂ ಅಲೆಯ ಪ್ರಾವಸ್ಥೆಯನ್ನು ಕದಡಬಲ್ಲವು. ದಿಕ್ಕು ಗೊತ್ತಿರುವ ಪ್ರತಿಫಲಕವನ್ನು ಎದುರಿಗಿಟ್ಟು ಪ್ರತಿಯೊಂದು ಆಂಟೆನದ ತಪ್ಪನ್ನು ತಿದ್ದಿಡದಿದ್ದರೆ ಉತ್ತಮ ಗಣಿತವೂ ನಿಷ್ಫಲ.

ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ನೂರು ಮೀಟರನ್ನು 3.6 ಸೆಕೆಂಡುಗಳಲ್ಲಿ ಕ್ರಮಿಸುತ್ತದೆ. ಅಡ್ಡಿಯನ್ನು ಗುರುತಿಸುವುದು, ತೀರ್ಮಾನಿಸುವುದು, ನಿಲ್ಲುವುದು, ಎಲ್ಲವೂ ಆ ನೂರು ಮೀಟರಿನೊಳಗೇ ಮುಗಿಯಬೇಕು. ಹೈಸ್ಕೂಲಿನ ತ್ರಿಕೋನಮಿತಿಯಲ್ಲಿ ನಾವು ಕಲಿತ ಸೈನ್, ಎರಡು ಮಿಲಿಮೀಟರ್ ಅಂತರದ ಆಂಟೆನಗಳ ನಡುವೆ ನಿಂತು, ದಾರಿ ತೆರೆದಿದೆಯೇ ಮುಚ್ಚಿದೆಯೇ ಎಂಬುದನ್ನು ನಿರ್ಧರಿಸುತ್ತಿದೆ.